ಬೆನ್ನಿಗೆ ನರದ ಬ್ಲಾಕ್: ಹಾಕಿಸಿಕೊಳ್ಳುವ ಮುನ್ನ, ಆ ದಿನ, ಆಮೇಲೆ

ಡಾಕ್ಟರು ‘ಬೆನ್ನಿಗೊಂದು ಬ್ಲಾಕ್ ಹಾಕೋಣ’ ಅಂದ ಸಂಜೆ ಮನೆಯಲ್ಲಿ ಎರಡು ಮಾತು ಏಳುತ್ತವೆ. ‘ಬೆನ್ನಿಗೆ ಸೂಜಿ ಹಾಕಿಸ್ಕಂಡ್ರೆ ಕಾಲು ಸ್ವಾಧೀನ ಹೋಗ್ತಾವಂತೆ’ ಅನ್ನುವುದು ಒಂದು. ‘ಒಂದೇ ಇಂಜೆಕ್ಷನ್ನಿಗೆ ನೋವು ಬೇರುಸಮೇತ ಹೋಗ್ತೈತಂತೆ’ ಅನ್ನುವುದು ಇನ್ನೊಂದು. ಫಿಸಿಯೋಥೆರಪಿ ಕೆಲಸದಲ್ಲಿರುವ ನನ್ನ ಬಳಿ ಇವೆರಡನ್ನೂ ಕೇಳಿಸಿಕೊಂಡೇ ಜನ ಬರುತ್ತಾರೆ: ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ಬೆಳೆಗಾರರು, ಚಳ್ಳಕೆರೆಯಲ್ಲಿ ಶೇಂಗಾ ಮೂಟೆ ಹೊರುವ ಹಮಾಲರು, ಮೊಳಕಾಲ್ಮುರಿನ ಗುಂಡಿಮಗ್ಗದ ನೇಕಾರರು, ಹೆದ್ದಾರಿಯ ಲಾರಿ ಚಾಲಕರು. ಅವರನ್ನು ಎದುರು ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಬ್ಲಾಕ್ ಎಂದರೆ ನೋವು ತರುವ ನರದ ಹತ್ತಿರಕ್ಕೆ ಮರಗಟ್ಟಿಸುವ ಔಷಧಿಯನ್ನು, ಹೆಚ್ಚಾಗಿ ಅದರ ಜೊತೆಗೆ ಉರಿಯೂತ ಇಳಿಸುವ ಸ್ಟೀರಾಯ್ಡ್ ಔಷಧಿಯನ್ನು ಸೂಜಿಯಿಂದ ಬಿಡುವುದು. ಅದು ಎರಡು ಕೆಲಸ ಮಾಡುತ್ತದೆ. ನೋವು ತರುತ್ತಿರುವ ನರದ ಬುಡದಲ್ಲಿನ ಉರಿಯೂತ ಇಳಿಸಿ ಕೆಲವು ವಾರ ಬಿಡುವು ಕೊಡುತ್ತದೆ. ನೋವು ನಿಜಕ್ಕೂ ಅಲ್ಲಿಂದಲೇ ಬರುತ್ತಿದೆಯೇ ಎಂಬುದನ್ನೂ ತೋರಿಸಿಕೊಡುತ್ತದೆ. ಸರಿದ ಡಿಸ್ಕನ್ನು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯನ್ನು, ಅದು ಒಳಕ್ಕೆ ತಳ್ಳುವುದಿಲ್ಲ, ಸವೆದ ಮೂಳೆಯನ್ನು ಬೆಳೆಸುವುದಿಲ್ಲ. ಹಾಗಾಗಿ ಆ ಬಿಡುವಿನ ವಾರಗಳಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಹಾಕಿಸಿಕೊಂಡ ಸೂಜಿಯ ಫಲ ನಿಂತಿದೆ.

ಈ ಲಕ್ಷಣ ಇದ್ದರೆ ಬ್ಲಾಕ್ ಮಾತೇ ಬೇಡ

ಮೂತ್ರ ಕಟ್ಟಿದೆ ಅಥವಾ ಗೊತ್ತಿಲ್ಲದೆ ಸೋರುತ್ತಿದೆ, ಮಲವಿಸರ್ಜನೆ ಹಿಡಿತ ತಪ್ಪಿದೆ, ತೊಡೆಸಂದಿ ಮತ್ತು ಗುದದ ಸುತ್ತ ಮುಟ್ಟಿದರೆ ತಿಳಿಯುತ್ತಿಲ್ಲ, ಎರಡೂ ಕಾಲು ಸೋಲುತ್ತಿವೆ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ ಸೇರಬೇಕು. ರಾತ್ರಿಯಾಗಿದ್ದರೆ 108ಕ್ಕೆ ಕರೆ ಮಾಡಿ. ಬೆನ್ನುಹುರಿಯ ಕೊನೆಯ ನರಗುಚ್ಛ ಒತ್ತಿಹೋಗಿದ್ದರೆ ಶಸ್ತ್ರಚಿಕಿತ್ಸೆಗೆ ಗಂಟೆಗಳ ಲೆಕ್ಕ. ನಡೆಯುವಾಗ ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೂ ತಡ ಮಾಡಬೇಡಿ.

ಇನ್ನೊಂದು ಗುಂಪಿನ ಲಕ್ಷಣ ನಮ್ಮ ಕಡೆ ಮರೆತುಹೋಗುತ್ತದೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಕುರಿ, ಮೇಕೆ ಸಾಕುವವರಲ್ಲಿ, ಹಸಿ ಹಾಲು ಕುಡಿಯುವವರಲ್ಲಿ ಬ್ರುಸೆಲ್ಲೋಸಿಸ್ ಎಂಬ ಸೋಂಕೂ ಹೀಗೇ ಬೆನ್ನುಮೂಳೆ ಹಿಡಿಯುತ್ತದೆ. ನೀವು ಕುರಿ ಕಾಯುವವರಾಗಿದ್ದರೆ ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ. ಸೋಂಕಿರುವ ಜಾಗಕ್ಕೆ ಸ್ಟೀರಾಯ್ಡ್ ಬಿದ್ದರೆ ಕಾಯಿಲೆ ಹೆಚ್ಚುತ್ತದೆ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದ ಮೇಲೆ ನೋವು ಶುರುವಾದ ವಯಸ್ಸಾದ ಹೆಂಗಸರು ಸಹ ಮೊದಲು ಕಾರಣ ಪತ್ತೆ ಮಾಡಿಸಿಕೊಳ್ಳಬೇಕು.

ನೋವು ಯಾವ ದಾರಿ ಹಿಡಿದಿದೆ?

ವೈದ್ಯರ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ಕಾಲಿನ ಚಿತ್ರ ಬರೆದು, ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗೆರೆ ಎಳೆಯಿರಿ. ಜೋಮು ಹಿಡಿಯುವ ಜಾಗಕ್ಕೆ ಚುಕ್ಕಿ ಇಡಿ. ಬೆನ್ನುಮೂಳೆಯ ಕೆಳಭಾಗದಿಂದ ಕಾಲಿಗೆ ಹೋಗುವ ನರಗಳನ್ನು ವೈದ್ಯರು ಎಲ್4, ಎಲ್5, ಎಸ್1 ಎಂದು ಗುರುತಿಸುತ್ತಾರೆ. ಮೀನಖಂಡದ ಹೊರಮೈಯಲ್ಲಿ ಇಳಿದು ಹೆಬ್ಬೆರಳಿಗೆ ಹೋದರೆ ಸಾಮಾನ್ಯವಾಗಿ ಎಲ್5 ನರ. ಹಿಂಭಾಗದಲ್ಲಿ ಇಳಿದು ಅಂಗಾಲು, ಕಿರುಬೆರಳಿಗೆ ಹೋದರೆ ಎಸ್1. ತೊಡೆಯ ಮುಂಭಾಗದಿಂದ ಮೊಣಕಾಲಿನ ಒಳಬದಿಗೆ ಬಂದರೆ ಎಲ್4. ಕೆಮ್ಮಿದರೆ, ಸೀನಿದರೆ ಕಾಲಿಗೆ ಕರೆಂಟ್ ಹೊಡೆದ ಹಾಗಾಗುವುದು ಡಿಸ್ಕ್ ನರವನ್ನು ತಾಗಿರುವ ಸೂಚನೆ.

ನೋವು ಸೊಂಟದಲ್ಲೇ ಇದ್ದು, ಹಿಂದಕ್ಕೆ ಬಾಗಿದಾಗ, ತಿರುಗಿದಾಗ ಹೆಚ್ಚಾಗಿ, ಮೊಣಕಾಲು ದಾಟದೇ ಇದ್ದರೆ ಬೆನ್ನುಮೂಳೆಯ ಹಿಂದಿನ ಸಣ್ಣ ಕೀಲುಗಳ ಮೇಲೆ, ಅಂದರೆ ಫೆಸೆಟ್ ಕೀಲುಗಳ ಮೇಲೆ ಸಂಶಯ. ಒಂದೇ ಬದಿ ಪೃಷ್ಠದ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸುವ ನೋವು ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲಿನದಿರಬಹುದು. ಅರವತ್ತು ದಾಟಿದವರು ‘ನೂರು ಹೆಜ್ಜೆ ನಡೆದರೆ ಎರಡೂ ಕಾಲು ಭಾರ, ಕೂತರೆ ಸರಿಹೋಗ್ತದೆ, ಸೈಕಲ್ ತುಳಿದರೆ ಏನೂ ಇಲ್ಲ’ ಎಂದರೆ ನರ ಹಾಯುವ ಕಾಲುವೆಯೇ ಕಿರಿದಾಗಿದೆ ಎಂದು ಊಹಿಸಬಹುದು. ಇವೆಲ್ಲ ನೋವೂ ಒಂದೇ ಸೊಂಟದಲ್ಲಿ ಹುಟ್ಟುತ್ತವೆ, ಆದರೆ ಒಂದೊಂದಕ್ಕೂ ಸೂಜಿ ಹೋಗುವ ಜಾಗ ಬೇರೆ. ಪಕ್ಕದ ಮನೆಯವರಿಗೆ ಹಾಕಿದ ಬ್ಲಾಕೇ ನನಗೂ ಬೇಕು ಎಂದು ಕೇಳುವುದರಲ್ಲಿ ಅರ್ಥವಿಲ್ಲ ಅನ್ನುವುದು ಇದಕ್ಕೇ.

ಎಂಆರ್‌ಐ ವರದಿ ಓದುವಾಗ

‘ಗ್ಯಾಪ್ ಬಂದೈತಿ’, ‘ಮೂಳೆ ಸವೆದೈತಿ’, ‘ಮೂರು ಡಿಸ್ಕ್ ಉಬ್ಬ್ಯಾವ’ ಎಂದು ವರದಿ ಹಿಡಿದು ಕಂಗಾಲಾಗಿ ಬರುವವರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ, 2015ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ 20 ವರ್ಷದವರಲ್ಲೇ ಶೇ 37ರಷ್ಟು, 80 ವರ್ಷದವರಲ್ಲಿ ಶೇ 96ರಷ್ಟು ಮಂದಿಗೆ ಡಿಸ್ಕ್ ಸವೆತ ಇತ್ತು. ಡಿಸ್ಕ್ ಉಬ್ಬು 20ರಲ್ಲಿ ಶೇ 30, 80ರಲ್ಲಿ ಶೇ 84. ಇವರಾರಿಗೂ ನೋವಿರಲಿಲ್ಲ.

ಆದ್ದರಿಂದ ವರದಿಯಲ್ಲಿ ಹುಡುಕಬೇಕಾದದ್ದು ಒಂದೇ: ನೀವು ಹಾಳೆಯಲ್ಲಿ ಎಳೆದ ಗೆರೆಗೂ ಸ್ಕ್ಯಾನಿನಲ್ಲಿ ಒತ್ತಿರುವ ನರಕ್ಕೂ ತಾಳೆ ಬೀಳುತ್ತದೆಯೇ? ಬಲಗಾಲಿನ ಹೆಬ್ಬೆರಳಿಗೆ ನೋವು, ಸ್ಕ್ಯಾನಿನಲ್ಲಿ ಎಲ್4-ಎಲ್5 ಮಟ್ಟದಲ್ಲಿ, ಅಂದರೆ ಆ ಎರಡು ಮೂಳೆಗಳ ನಡುವೆ, ಬಲಬದಿಯ ಎಲ್5 ನರಕ್ಕೆ ಒತ್ತು ಇದ್ದರೆ ತಾಳೆಯಾಯಿತು. ಎಡಗಾಲು ನೋಯುತ್ತಿದ್ದು ಸ್ಕ್ಯಾನಿನಲ್ಲಿ ಬಲಕ್ಕೆ ಒತ್ತಿದ್ದರೆ ಆ ಚಿತ್ರ ನಂಬಿ ಸೂಜಿ ಹಾಕಿಸಿಕೊಳ್ಳಬೇಡಿ.

ಇನ್ನೂ ಕಾಯಬಹುದೇ?

ಬಹಳಷ್ಟು ಮಂದಿ ಕಾಯಬಹುದು. ಡಿಸ್ಕ್ ಜಾರಿ ಕಾಲಿಗೆ ಇಳಿದ ನೋವು ಹೆಚ್ಚಿನವರಲ್ಲಿ 6ರಿಂದ 12 ವಾರದೊಳಗೆ ತಗ್ಗುತ್ತದೆ. ಹೊರಬಂದ ಡಿಸ್ಕಿನ ತುಣುಕನ್ನು ಬಹಳ ಸಲ ದೇಹವೇ ಕರಗಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಹಾಸಿಗೆ ಹಿಡಿಯಬಾರದು. ನೋವು ತಡೆಯುವಷ್ಟು ನಡೆಯುತ್ತಿರಬೇಕು. ನಡುಪಟ್ಟಿಯನ್ನು ಪ್ರಯಾಣಕ್ಕೆ, ಕೆಲಸಕ್ಕೆ ಮಾತ್ರ ಕಟ್ಟಿ. ಮೆಡಿಕಲ್ ಶಾಪಿನಿಂದ ನೀವೇ ತಂದ ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು.

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆಯಿಲ್ಲ, ಹತ್ತು ನಿಮಿಷ ಕೂರಲಾಗುತ್ತಿಲ್ಲ, ವ್ಯಾಯಾಮ ಮಾಡಲು ಕಾಲು ಎತ್ತಲಾಗುತ್ತಿಲ್ಲ ಎಂದರೆ ಅಲ್ಲಿ ಬ್ಲಾಕ್‌ಗೆ ಜಾಗವಿದೆ. ಹನ್ನೆರಡು ವಾರ ಪೂರ್ತಿ ನರಳಲೇಬೇಕೆಂದೇನೂ ಇಲ್ಲ.

ಯಾವ ನೋವಿಗೆ ಯಾವ ಬ್ಲಾಕ್

ಕಾಲಿಗಿಳಿದ ನೋವಿಗೆ ಎಪಿಡ್ಯೂರಲ್ ಇಂಜೆಕ್ಷನ್. ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗಕ್ಕೆ ಮರಗಟ್ಟಿಸುವ ಔಷಧಿ ಮತ್ತು ಸ್ಟೀರಾಯ್ಡ್ ಬಿಡುತ್ತಾರೆ. ಲಿಗ್ನೊಕೇನ್ ಅಥವಾ ಬುಪಿವಕೇನ್ ಮರಗಟ್ಟಿಸುವಂಥದ್ದು; ಮೀಥೈಲ್ ಪ್ರೆಡ್ನಿಸೊಲೋನ್, ಟ್ರೈಯಾಮ್ಸಿನೊಲೋನ್, ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್‌ಗಳು. ದಾರಿ ಮೂರು: ನರ ಹೊರಬರುವ ಕಿಂಡಿಯ ಮೂಲಕ, ಎರಡು ಮೂಳೆಗಳ ನಡುವಿನಿಂದ, ಅಥವಾ ಬಾಲದ ಮೂಳೆಯ ಹತ್ತಿರದ ರಂಧ್ರದಿಂದ. ಮೊದಲನೆಯದರಲ್ಲಿ ಔಷಧಿ ಬೇಕಾದ ನರದ ಬುಡಕ್ಕೇ ಹೋಗುತ್ತದೆ. ಒಂದೇ ನರವನ್ನು ಗುರಿಯಿಟ್ಟು ಪರೀಕ್ಷೆಗಾಗಿ ಮಾಡುವುದೂ ಇದೇ ದಾರಿಯಲ್ಲಿ.

ಫೆಸೆಟ್ ಕೀಲಿನ ನೋವಿಗೆ, ಆ ಕೀಲಿನಿಂದ ನೋವು ಒಯ್ಯುವ ಸಣ್ಣ ನರಗಳನ್ನು ಮರಗಟ್ಟಿಸಿ ನೋಡುತ್ತಾರೆ. ಇದಕ್ಕೆ ಮೀಡಿಯಲ್ ಬ್ರಾಂಚ್ ಬ್ಲಾಕ್ ಎನ್ನುತ್ತಾರೆ. ಔಷಧಿಯ ಪ್ರಭಾವ ಇರುವಷ್ಟು ಹೊತ್ತು ನೋವು ಬಹುಪಾಲು ಹೋದರೆ, ಮುಂದೆ ರೇಡಿಯೋಫ್ರೀಕ್ವೆನ್ಸಿ ಎಂಬ ಶಾಖದ ವಿಧಾನದಿಂದ ಅದೇ ನರಗಳನ್ನು ಸುಡುವ ಆಯ್ಕೆ ಬರುತ್ತದೆ. ಅದರ ಫಲ ಬಂದವರಲ್ಲಿ ಆರು ತಿಂಗಳಿಂದ ವರ್ಷದವರೆಗೆ ನಿಲ್ಲುತ್ತದೆ. ನರ ಮತ್ತೆ ಬೆಳೆದಾಗ ನೋವು ಮರಳಬಹುದು.

ಇವು ಎಷ್ಟು ಕೆಲಸ ಮಾಡುತ್ತವೆ ಅನ್ನುವುದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ, ಅದು ನಿಮಗೆ ತಿಳಿದಿರಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ, ಹೊಸದಾಗಿ ಬಂದ ತೀವ್ರ ಕಾಲುನೋವಿಗೆ ಎಪಿಡ್ಯೂರಲ್ ಪರಿಗಣಿಸಬಹುದು ಎನ್ನುತ್ತದೆ. ಕಾಲಿಗಿಳಿಯದ ಬರೀ ಸೊಂಟನೋವಿಗೆ ಬೆನ್ನಿನ ಇಂಜೆಕ್ಷನ್ ಬೇಡ ಎನ್ನುತ್ತದೆ. ಕಾಲುವೆ ಕಿರಿದಾಗಿ ನಡೆದಾಗ ಬರುವ ನೋವಿಗೂ ಎಪಿಡ್ಯೂರಲ್ ಬೇಡ ಎನ್ನುತ್ತದೆ. 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಂತರರಾಷ್ಟ್ರೀಯ ತಂಡದ ಶಿಫಾರಸು ಇನ್ನೂ ಬಿಗಿ: ಮೂರು ತಿಂಗಳು ಮೀರಿದ, ಕ್ಯಾನ್ಸರ್ ಅಥವಾ ಉರಿಯೂತದ ಸಂಧಿವಾತದ್ದಲ್ಲದ ಬೆನ್ನುನೋವಿಗೆ ಈ ಇಂಜೆಕ್ಷನ್‌ಗಳೂ ಬೇಡ, ರೇಡಿಯೋಫ್ರೀಕ್ವೆನ್ಸಿಯೂ ಬೇಡ ಎಂದಿತು. ನೋವು ಚಿಕಿತ್ಸೆಯ ವೈದ್ಯರ ಸಂಘಗಳು ಅದನ್ನು ಒಪ್ಪಲಿಲ್ಲ.

ನನ್ನ ಅಭಿಪ್ರಾಯ ಹೀಗೆ: ಕೆಲವು ವಾರಗಳ ಹಿಂದೆ ಶುರುವಾದ, ಮೊಣಕಾಲು ದಾಟಿ ಇಳಿಯುವ, ಸ್ಕ್ಯಾನ್‌ಗೆ ತಾಳೆಯಾಗುವ, ನಿದ್ದೆ ಕೆಡಿಸಿದ ನೋವಿಗೆ ಬ್ಲಾಕ್ ಹಾಕಿಸಿಕೊಳ್ಳುವುದು ಸರಿ. ಐದಾರು ವರ್ಷದಿಂದ ಇರುವ, ಮಳೆಗಾಲದಲ್ಲಿ ಹೆಚ್ಚಾಗಿ ಬೇಸಿಗೆಯಲ್ಲಿ ಕಡಿಮೆಯಾಗುವ ಬರೀ ಸೊಂಟನೋವಿಗೆ ಆ ಹಣವನ್ನು ಬೇರೆಯದಕ್ಕೆ ಉಳಿಸಿ.

ಒಪ್ಪಿಗೆ ಕೊಡುವ ಮುನ್ನ ಕೇಳಬೇಕಾದ್ದು

ಯಾವ ಮಟ್ಟ, ಯಾವ ಬದಿ? ಸಿ-ಆರ್ಮ್ ಎಕ್ಸ್‌ರೇ ಪರದೆ ನೋಡಿಕೊಂಡು ಮಾಡುತ್ತೀರಾ, ಡೈ, ಅಂದರೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಸೂಜಿಯ ಜಾಗ ಖಚಿತ ಮಾಡಿಕೊಳ್ಳುತ್ತೀರಾ? ಯಾವ ಸ್ಟೀರಾಯ್ಡ್? ಇದು ಪರೀಕ್ಷೆಗೋ, ಚಿಕಿತ್ಸೆಗೋ? ಫಲ ಕಾಣದಿದ್ದರೆ ಮುಂದೇನು? ಈ ಐದು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವ ಒಳ್ಳೆಯ ವೈದ್ಯರೂ ಇದಕ್ಕೆ ಬೇಸರಪಡುವುದಿಲ್ಲ. ಎಕ್ಸ್‌ರೇ ಪರದೆಯಿಲ್ಲದೆ, ಅಂದಾಜಿನ ಮೇಲೆ ಕ್ಲಿನಿಕ್ಕಿನ ಮಂಚದಲ್ಲೇ ಹಾಕುತ್ತೇವೆ ಎಂದರೆ ಬೇರೆ ಕಡೆ ಹೋಗಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ, ಎಪಿಡ್ಯೂರಲ್ ಸ್ಟೀರಾಯ್ಡ್‌ನಿಂದ ಪಾರ್ಶ್ವವಾಯು, ದೃಷ್ಟಿನಾಶ, ಸಾವಿನಂಥ ಅಪಾಯ ಅಪರೂಪಕ್ಕೆ ಆಗಬಹುದು ಎಂದು ಎಚ್ಚರಿಸಿತ್ತು. ರಕ್ತನಾಳಕ್ಕೆ ಕಣಗಳಿರುವ ಸ್ಟೀರಾಯ್ಡ್ ಹೋಗುವುದು ಇದಕ್ಕೊಂದು ಕಾರಣ; ಕುತ್ತಿಗೆಯ ಇಂಜೆಕ್ಷನ್‌ನಲ್ಲಿ ಅಪಾಯ ಸೊಂಟಕ್ಕಿಂತ ಹೆಚ್ಚು. ಡೈ ಬಿಟ್ಟು ನೋಡುವುದೂ ಕಣಗಳಿಲ್ಲದ ಡೆಕ್ಸಾಮೆಥಾಸೋನ್ ಬಳಸುವುದೂ ಈ ಅಪಾಯ ತಗ್ಗಿಸಲಿಕ್ಕೆ.

ಬ್ಲಾಕ್ ಹಾಕುವವರು ಹೆಚ್ಚಾಗಿ ಅರಿವಳಿಕೆ ತಜ್ಞರು, ಇಲ್ಲವೇ ಬೆನ್ನುಮೂಳೆಯ ಶಸ್ತ್ರಚಿಕಿತ್ಸಕರು. ದಾವಣಗೆರೆಯಲ್ಲಿ ಬಾಪೂಜಿ ಆಸ್ಪತ್ರೆ, ಎಸ್‌ಎಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ಸರ್ಕಾರಿ ಚಿಗಟೇರಿ ಆಸ್ಪತ್ರೆ ಇವೆ; ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು. ಎಲ್ಲಿಗೇ ಹೋದರೂ ಮೂಳೆ ವಿಭಾಗದಲ್ಲಷ್ಟೇ ಕೇಳಿ ಹಿಂದಿರುಗಬೇಡಿ, ಅರಿವಳಿಕೆ ವಿಭಾಗದಲ್ಲೂ ವಿಚಾರಿಸಿ.

ಹಣದ ಮಾತು: ಒಟ್ಟು ಖರ್ಚನ್ನು, ಅಂದರೆ ಶಸ್ತ್ರಚಿಕಿತ್ಸಾ ಕೊಠಡಿ, ಔಷಧಿ, ಡೈ, ವೈದ್ಯರ ಶುಲ್ಕ ಎಲ್ಲ ಸೇರಿಸಿ, ಬರಹದಲ್ಲಿ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ, ಆದರೆ ನಿಮಗೆ ಹೇಳಿರುವ ವಿಧಾನ ಪಟ್ಟಿಯಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮೊದಲೇ ಖಚಿತ ಮಾಡಿಕೊಳ್ಳಿ. ಖಾಸಗಿ ವಿಮೆಯಿದ್ದರೆ ದಿನದೊಳಗೆ ಮನೆಗೆ ಕಳಿಸುವ ಚಿಕಿತ್ಸೆಗೆ ಹಣ ಕೊಡುತ್ತಾರೆಯೇ ಎಂಬುದೇ ಮುಖ್ಯ ಪ್ರಶ್ನೆ.

ಒಂದು ವಾರ ಮುಂಚೆ

ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸಿ. ಬಾಯಲ್ಲಿ ಹೇಳಿದರೆ ಸಾಲದು. ರಕ್ತ ತೆಳುವಾಗಿಸುವ ಕ್ಲೋಪಿಡೋಗ್ರೆಲ್ ಬೇರೆ ಬೇರೆ ಹೆಸರಿನ ಮಾತ್ರೆಗಳಲ್ಲಿ ಸೇರಿಕೊಂಡಿರುತ್ತದೆ. ಅದನ್ನು ಸಾಮಾನ್ಯವಾಗಿ 7 ದಿನ, ಇಂಥದೇ ಇನ್ನೊಂದು ಮಾತ್ರೆ ವಾರ್ಫರಿನ್ ಅನ್ನು 5 ದಿನ ಮುಂಚೆ ನಿಲ್ಲಿಸಿ ರಕ್ತಪರೀಕ್ಷೆ ಮಾಡುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದ್ರೋಗ ವೈದ್ಯರಿಂದ ಬರಹದಲ್ಲಿ ಒಪ್ಪಿಗೆ ತರಬೇಕು. ಸೊಂಟನೋವಿಗೆಂದು ಎಲ್ಲಿಂದಲೋ ತಂದ ಪುಡಿ, ಗುಳಿಗೆ ತಿನ್ನುತ್ತಿದ್ದರೆ ಅದನ್ನೂ ತೋರಿಸಿ, ಕೆಲವದರಲ್ಲಿ ಹೇಳದೇ ಬೆರೆಸಿದ ಸ್ಟೀರಾಯ್ಡ್ ಇರುತ್ತದೆ.

ಸಕ್ಕರೆ ಕಾಯಿಲೆಯವರು ಸಕ್ಕರೆ ಹತೋಟಿಗೆ ಬಂದ ಮೇಲೆಯೇ ದಿನ ಗೊತ್ತು ಮಾಡಿಕೊಳ್ಳಿ. ಜ್ವರ, ಉರಿಮೂತ್ರ, ಹಲ್ಲಿನ ಕೀವು, ಬೆನ್ನಿನ ಮೇಲೆ ಕುರು ಇದ್ದರೆ ಮುಂದೂಡಬೇಕು. ಗರ್ಭಿಣಿಯಾಗಿರುವ ಸಂಭವವಿದ್ದರೆ ಹೇಳಿ, ಎಕ್ಸ್‌ರೇ ಬಳಕೆಯಾಗುತ್ತದೆ. ಹಿಂದೆ ಯಾವುದೇ ಇಂಜೆಕ್ಷನ್ನಿಗೋ ಡೈಗೋ ಮೈಯೆಲ್ಲ ದದ್ದು ಎದ್ದಿದ್ದರೆ ಅದನ್ನು ಮುಚ್ಚಿಡಬೇಡಿ.

ಆ ದಿನ

ಉಪವಾಸ ಎಷ್ಟು ಹೊತ್ತು ಎಂದು ಕೇಳಿಕೊಂಡು ಹೋಗಿ. ಮಂಪರಿನ ಔಷಧಿ ಕೊಡುವುದಾದರೆ ಊಟ 6 ಗಂಟೆ, ನೀರು 2 ಗಂಟೆ ಮುಂಚೆ ನಿಲ್ಲಿಸುವುದು ವಾಡಿಕೆ. ಬಳೆ, ಉಡಿದಾರ, ಸರ ಮನೆಯಲ್ಲೇ ಬಿಡಿ. ಎಂಆರ್‌ಐ ಫಿಲ್ಮ್ ತೆಗೆದುಕೊಂಡು ಹೋಗಿ. ಜೊತೆಗೆ ಮನೆಯವರೊಬ್ಬರು ಇರಲೇಬೇಕು.

ಕೊಠಡಿಯಲ್ಲಿ ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲಾಗಿ ಮಲಗಿಸುತ್ತಾರೆ. ಬೆನ್ನಿಗೆ ತಣ್ಣಗಿನ ಔಷಧಿ ಹಚ್ಚಿ ಶುಚಿ ಮಾಡಿ, ಸುತ್ತ ಬಟ್ಟೆ ಹೊದಿಸುತ್ತಾರೆ. ಇಲ್ಲಿ ಬಾಯಿ ತೆರೆದು ನಿಮಗೆ ಬೇಕಾದ ಮಟ್ಟ ಮತ್ತು ಬದಿಯನ್ನು ನೀವೇ ಒಮ್ಮೆ ಹೇಳಿ, ‘ಬಲಗಾಲು ಸಾರ್’ ಅಂದರೆ ಸಾಕು. ಮೊದಲ ಸಣ್ಣ ಸೂಜಿ ಚರ್ಮ ಮರಗಟ್ಟಿಸಲು, ಅದು ಉರಿಯುತ್ತದೆ. ಆಮೇಲೆ ಉದ್ದ ಸೂಜಿ ಹೋಗುವಾಗ ನೋವಿಗಿಂತ ಒತ್ತಡ ಹೆಚ್ಚು ತಿಳಿಯುತ್ತದೆ. ಸಿ-ಆರ್ಮ್ ನಿಮ್ಮ ಮೇಲೆ ಅತ್ತಿತ್ತ ತಿರುಗುತ್ತದೆ, ವೈದ್ಯರು ಪರದೆ ನೋಡುತ್ತ ಸೂಜಿ ಸರಿಸುತ್ತಾರೆ, ಡೈ ಬಿಟ್ಟು ಅದು ನರದ ಗುಂಟ ಹರಡಿತೇ ಎಂದು ನೋಡುತ್ತಾರೆ.

ಔಷಧಿ ಇಳಿಯುವಾಗ ನಿಮ್ಮ ಹಳೆಯ ನೋವೇ ಅದೇ ದಾರಿಯಲ್ಲಿ ಕಾಲಿಗೆ ಒಂದು ಸಲ ಇಳಿಯಬಹುದು. ಅದನ್ನು ತಕ್ಷಣ ಹೇಳಿ, ಜಾಗ ಸರಿಯಾಗಿದೆ ಎಂಬುದಕ್ಕೆ ವೈದ್ಯರಿಗೆ ಅದು ಉಪಯೋಗ. ಆದರೆ ಇದ್ದಕ್ಕಿದ್ದಂತೆ ಚುರುಕ್ಕನೆ ಕಾಲು ಎಗರಿದರೆ ಕೂಡಲೇ ಕೂಗಿ ಹೇಳಬೇಕು, ಆದರೆ ಮೈ ಅಲುಗಿಸಬಾರದು. ಇದಕ್ಕಾಗಿಯೇ ಪೂರ್ತಿ ನಿದ್ದೆ ಬರಿಸುವುದಿಲ್ಲ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ, ಒಂದೆರಡು ಗಂಟೆ ಬಿಪಿ, ಕಾಲಿನ ಬಲ ನೋಡಿ ಕಳಿಸುತ್ತಾರೆ.

ಮನೆಗೆ ಹೋದ ಮೇಲೆ

ಬೈಕಿನ ಹಿಂದೆ ಕೂತು ಹೋಗಬೇಡಿ. ಕಾರಿನಲ್ಲೋ ಆಟೋದಲ್ಲೋ ಹೋಗಿ; ಮೊಳಕಾಲ್ಮುರು, ಜಗಳೂರಿನಂಥ ದೂರದವರು ಆ ರಾತ್ರಿ ಆಸ್ಪತ್ರೆಯಿರುವ ಊರಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಮೇಲು. ಮೊದಲ ಕೆಲವು ಗಂಟೆ ಕಾಲು ಮರಗಟ್ಟಿ ಸೋತಿರಬಹುದು, ಅದು ಮರಗಟ್ಟಿಸುವ ಔಷಧಿಯ ಪ್ರಭಾವ. ಆ ಹೊತ್ತಿನಲ್ಲಿ ಬಚ್ಚಲಿಗೆ ಒಬ್ಬರೇ ಹೋಗಿ ಬೀಳುವವರಿದ್ದಾರೆ. ಕೈ ಹಿಡಿದುಕೊಳ್ಳಲು ಒಬ್ಬರಿರಲಿ. ಒಂದು ದಿನ ವಾಹನ ಓಡಿಸಬೇಡಿ, ಸೂಜಿಯ ಜಾಗಕ್ಕೆ ಎಣ್ಣೆ ತಿಕ್ಕಿಸಬೇಡಿ.

ಹಾಸಿಗೆಯ ಪಕ್ಕ ನೋಟ್‌ಬುಕ್ ಇಟ್ಟು ಆ ದಿನ ಗಂಟೆಗೊಮ್ಮೆ, ಆಮೇಲೆ ದಿನಕ್ಕೆರಡು ಸಲ ನೋವಿಗೆ ಹತ್ತರಲ್ಲಿ ಅಂಕ ಬರೆಯಿರಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮೊದಲ ಗಂಟೆಗಳಲ್ಲಿ ನೋವು 8ರಿಂದ 2ಕ್ಕೆ ಇಳಿದು ರಾತ್ರಿ ಮರಳಿತು ಎಂದರೆ ಸೋತಿತು ಎಂದು ಅಳಬೇಡಿ: ನೋವಿನ ಮೂಲ ಸಿಕ್ಕಿದೆ, ಸ್ಟೀರಾಯ್ಡ್ ಇನ್ನೂ ಶುರುವಾಗಿಲ್ಲ ಎಂದರ್ಥ. ಅದು ಕೆಲಸ ಮಾಡಲು 2–3 ದಿನದಿಂದ ವಾರದವರೆಗೆ ಹಿಡಿಯುತ್ತದೆ. ನಡುವೆ ಒಂದೆರಡು ದಿನ ನೋವು ಹೆಚ್ಚೂ ಆಗಬಹುದು. ಮೊದಲ ಗಂಟೆಗಳಲ್ಲೂ ಒಂದಿಷ್ಟೂ ಇಳಿಯದಿದ್ದರೆ ಅದನ್ನೂ ಬರೆದಿಡಿ, ಮೂಲ ಬೇರೆಡೆ ಇರಬಹುದು.

ಮುಖ ಕೆಂಪಾಗಿ ಬಿಸಿಯಾಗುವುದು, ಒಂದೆರಡು ರಾತ್ರಿ ನಿದ್ದೆ ಬಾರದಿರುವುದು ಸ್ಟೀರಾಯ್ಡ್‌ನಿಂದ, ತಾನಾಗಿ ಹೋಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೆಲವು ದಿನ ಏರುತ್ತದೆ; ದಿನವೂ ಪರೀಕ್ಷಿಸಿ, ಇನ್ಸುಲಿನ್ ಹೆಚ್ಚಿಸಬೇಕೇ ಎಂದು ಫೋನಿನಲ್ಲಿ ಕೇಳಿ. ಎದ್ದು ಕೂತರೆ ಸಿಡಿಯುವ, ಮಲಗಿದರೆ ಇಳಿಯುವ ತಲೆನೋವು ಬಂದರೆ ಆಸ್ಪತ್ರೆಗೆ ತಿಳಿಸಿ. ಜ್ವರ, ಬೆನ್ನಿನಲ್ಲಿ ಹೆಚ್ಚುತ್ತಲೇ ಹೋಗುವ ನೋವು, ಮರಗಟ್ಟಿದ್ದು ಬಿಟ್ಟ ಮೇಲೆ ಮತ್ತೆ ಕಾಲು ಸೋಲುವುದು, ಮೂತ್ರ ಕಟ್ಟುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ.

ಬಿಡುವಿನ ವಾರಗಳು

ನೋವಿಳಿದ ಖುಷಿಯಲ್ಲಿ ಹತ್ತನೇ ದಿನಕ್ಕೇ 45 ಕೆಜಿಯ ಯೂರಿಯಾ ಚೀಲ ಎತ್ತಿದವರನ್ನೂ, ಹೆದರಿ ತಿಂಗಳು ಪೂರ್ತಿ ಮಂಚ ಬಿಡದವರನ್ನೂ ನೋಡಿದ್ದೇನೆ. ಮಳೆ ಬಿದ್ದು ಹದ ಬಂದಾಗ ಬಿತ್ತದೆ ಬಿಟ್ಟ ಹೊಲದ ಹಾಗೆ, ಎರಡೂ ಕಡೆ ಆ ವಾರಗಳು ವ್ಯರ್ಥ.

ಮೊದಲೆರಡು ದಿನ ಮನೆಯೊಳಗೆ ಓಡಾಟ. ಮೂರನೇ ದಿನದಿಂದ ಸಮತಟ್ಟಾದ ಜಾಗದಲ್ಲಿ 10 ನಿಮಿಷದ ನಡಿಗೆ ಬೆಳಿಗ್ಗೆ, ಸಂಜೆ. ವಾರವಾರ ಹೆಚ್ಚಿಸುತ್ತ 30 ನಿಮಿಷಕ್ಕೆ ಒಯ್ಯಿರಿ. ಮೊದಲ ವಾರದ ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ವ್ಯಾಯಾಮ ಕಲಿಯಿರಿ. ಡಿಸ್ಕಿನವರಿಗೆ ಬೋರಲು ಮಲಗಿ ಮೊಣಕೈ ಮೇಲೆ ಎದೆ ಎತ್ತುವುದು ಹೊಂದುತ್ತದೆ, ಕಾಲುವೆ ಕಿರಿದಾದವರಿಗೆ ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ತರುವುದು ಹೊಂದುತ್ತದೆ. ಒಬ್ಬರದು ಇನ್ನೊಬ್ಬರಿಗೆ ನೋವು ಹೆಚ್ಚಿಸಬಹುದು, ಮೊಬೈಲಿನ ವಿಡಿಯೊ ನೋಡಿ ಆರಿಸಬೇಡಿ. ಸೊಂಟ ಎತ್ತುವ ಸೇತುವೆ ಭಂಗಿ, ಮಂಡಿಯೂರಿ ಒಂದು ಕೈ ಎದುರು ಕಾಲು ಚಾಚುವುದು ಇಬ್ಬರಿಗೂ ಸಾಮಾನ್ಯವಾಗಿ ನಡೆಯುತ್ತದೆ.

ಮನೆಯಲ್ಲಿ ನೀವೇ ಬಳಸಬಹುದಾದ ಅಳತೆ ಒಂದಿದೆ. ವ್ಯಾಯಾಮ ಮಾಡುವಾಗ ನೋವು ಪಾದದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ ಹಿಂದೆ ಸರಿದರೆ ಮುಂದುವರಿಸಿ, ಸೊಂಟದಲ್ಲಿ ತುಸು ಹೆಚ್ಚಾದರೂ ಚಿಂತೆಯಿಲ್ಲ. ಸೊಂಟದಿಂದ ಕಾಲಿನ ಕೆಳಕ್ಕೆ ಇಳಿಯತೊಡಗಿದರೆ ಆ ವ್ಯಾಯಾಮ ನಿಲ್ಲಿಸಿ.

ಅಡಿಕೆ ಸುಲಿಯಲು ಕೂರುವವರು ನೆಲ ಬಿಟ್ಟು ಎತ್ತರದ ಮಣೆಯಲ್ಲಿ ಕೂರಿ, ಅರ್ಧ ಗಂಟೆಗೊಮ್ಮೆ ಎದ್ದು ನಡೆದು ಬನ್ನಿ. ಗುಂಡಿಮಗ್ಗದವರು ಸೊಂಟದ ಹಿಂದೆ ಮಡಿಸಿದ ಟವೆಲ್ ಇಟ್ಟುಕೊಳ್ಳಿ. ಲಾರಿಯವರು ಇಳಿದ ಕೂಡಲೇ ಲೋಡಿಗೆ ಕೈಹಾಕಬೇಡಿ, ಐದು ನಿಮಿಷ ನಡೆದ ಮೇಲೆ ಹಾಕಿ. ಮೂಟೆ ಹೊರುವವರಿಗೆ ಆರು ವಾರ ರಜೆ ಹೇಳುವುದು ಸುಲಭ, ಕೂಲಿ ಬಿಡುವುದು ಕಷ್ಟ ಎಂದು ನನಗೆ ಗೊತ್ತು. ಆದರೂ ಮೇಸ್ತ್ರಿಯ ಹತ್ತಿರ ಮಾತಾಡಿ ಆ ಅವಧಿಗೆ ತೂಕ ಬರೆಯುವ, ಚೀಲ ಹೊಲಿಯುವ ಕೆಲಸ ಕೇಳಿಕೊಳ್ಳಿ.

ನೋವು ಬ್ಲಾಕ್‌ಗೆ ಬಗ್ಗದಿದ್ದರೆ

ಎರಡು ವಾರದ ನಂತರವೂ ನೋಟ್‌ಬುಕ್ಕಿನ ಅಂಕ ಇಳಿಯದಿದ್ದರೆ ಅದೇ ಜಾಗಕ್ಕೆ ಅದೇ ಸೂಜಿ ಮತ್ತೆ ಹಾಕಿಸುವುದರಲ್ಲಿ ಹುರುಳಿಲ್ಲ. ಮೊದಲೇ ‘ಮೂರು ಇಂಜೆಕ್ಷನ್ ಕೋರ್ಸ್’ ಎಂದು ಹಣ ಕಟ್ಟಿಸಿಕೊಳ್ಳುವುದನ್ನು ಒಪ್ಪಬೇಡಿ. ಮೊದಲನೆಯದರ ಫಲ ನೋಡಿಯೇ ಎರಡನೆಯದನ್ನು ತೀರ್ಮಾನಿಸಬೇಕು. ಅರ್ಧಕ್ಕಿಂತ ಹೆಚ್ಚು ಇಳಿದು, ತಿಂಗಳುಗಳ ಮೇಲೆ ಮರಳಿದರೆ ಇನ್ನೊಮ್ಮೆ ಹಾಕಿಸಬಹುದು. ವರ್ಷಕ್ಕೆ ಮೂರ್ನಾಲ್ಕು ದಾಟದಂತೆ ವೈದ್ಯರು ನೋಡಿಕೊಳ್ಳುತ್ತಾರೆ, ಸ್ಟೀರಾಯ್ಡ್ ಹೆಚ್ಚಾದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಮೊಣಕಾಲಿಗೆ, ಭುಜಕ್ಕೆ ಬೇರೆ ಕಡೆ ಹಾಕಿಸಿಕೊಂಡ ಸ್ಟೀರಾಯ್ಡ್ ಇಂಜೆಕ್ಷನ್‌ಗಳೂ ಆ ಲೆಕ್ಕಕ್ಕೆ ಸೇರುತ್ತವೆ, ತಾರೀಖು ಬರೆದಿಡಿ.

ಬ್ಲಾಕ್ ಹಾಕಿದ ಕೆಲವು ಗಂಟೆ ಕಾಲುನೋವು ಪೂರ್ತಿ ಹೋಗಿ, ವಾರಗಳ ಫಲ ಮಾತ್ರ ಸಿಗದಿದ್ದರೆ ಅದು ಶಸ್ತ್ರಚಿಕಿತ್ಸಕರಿಗೆ ಉಪಯುಕ್ತ ಸುದ್ದಿ: ಯಾವ ನರ ಬಿಡಿಸಬೇಕು ಎಂಬುದು ತಿಳಿದಂತಾಯಿತು. ಹಾಗಾಗಿ ಅವರ ಬಳಿ ಹೋಗುವಾಗ ಎಂಆರ್‌ಐ ಫಿಲ್ಮ್, ಬ್ಲಾಕ್ ಹಾಕಿದ ಮಟ್ಟ ಮತ್ತು ಔಷಧಿ ಬರೆದಿರುವ ಡಿಸ್ಚಾರ್ಜ್ ಚೀಟಿ, ನೋವಿನ ಅಂಕಗಳ ನೋಟ್‌ಬುಕ್ ಮೂರನ್ನೂ ತೆಗೆದುಕೊಂಡು ಹೋಗಿ. ಡಿಸ್ಚಾರ್ಜ್ ಚೀಟಿಯಲ್ಲಿ ಬರೀ ‘ಬೆನ್ನಿಗೆ ಇಂಜೆಕ್ಷನ್ ಕೊಡಲಾಗಿದೆ’ ಎಂದಷ್ಟೇ ಇದ್ದರೆ, ಆಸ್ಪತ್ರೆ ಬಿಡುವ ಮೊದಲೇ ಮಟ್ಟ, ಬದಿ, ಔಷಧಿಯ ಹೆಸರು, ಪ್ರಮಾಣ ಬರೆಸಿಕೊಳ್ಳಿ.